ಪದ ಪರಿಚಯ: ಜೀವಂತ ಬೇಲಿ

ಹೊಲದ ಅಂಚಿನಲ್ಲಿ ಒತ್ತೊತ್ತಾಗಿ ಬೆಳೆಸಿ, ಆಗಾಗ ಸವರಿ ಉಳಿಸಿಕೊಳ್ಳುವ ಗಿಡಗಂಟಿಗಳ ಸಾಲಿಗೆ ಜೀವಂತ ಬೇಲಿ ಎನ್ನುತ್ತೇವೆ. ಹಸಿರು ಬೇಲಿ ಎಂದರೂ ಇದೇ. ಇಂಗ್ಲಿಷಿನ ‘ಹೆಡ್ಜ್‌ರೋ’ ಇದಕ್ಕೆ ಹತ್ತಿರದ ಮಾತು. ತಂತಿ ಬೇಲಿಯನ್ನು ಒಮ್ಮೆ ಹಾಕಿ ಮರೆತುಬಿಡಬಹುದು. ಇದನ್ನು ಹಾಗೆ ಮರೆಯಲು ಆಗುವುದಿಲ್ಲ. ಇದು ಚಿಗುರುತ್ತದೆ, ಹೂ ಬಿಡುತ್ತದೆ, ವಯಸ್ಸಾದಂತೆ ಬುಡದಲ್ಲಿ ಬೋಳಾಗುತ್ತದೆ.

ಗಿಡ ಬದುಕಿದೆ ಅನ್ನುವುದಷ್ಟೇ ‘ಜೀವಂತ’ದ ಅರ್ಥ ಅಂದುಕೊಂಡರೆ ಸಾಲದು. ಗಿಡ ಹಸಿರಾಗಿಯೇ ಇದ್ದು, ಒಳಗೆ ಒಂದು ಗೂಡೂ ಇಲ್ಲದ ಬೇಲಿಗಳಿವೆ. ಅದಕ್ಕೆ ಕಾರಣ ಸಾಮಾನ್ಯವಾಗಿ ಒಂದೇ: ನಾವು ಅದನ್ನು ಸವರುವ ರೀತಿ.

ಮೊದಲು ಬೇಲಿಯಲ್ಲಿ ಯಾರು ಎಲ್ಲಿರುತ್ತಾರೆ ನೋಡೋಣ. ನೆತ್ತಿಯಲ್ಲಿ ಹೂವು, ಹಣ್ಣು. ಅಲ್ಲಿಗೆ ಜೇನು, ದುಂಬಿ, ಚಿಟ್ಟೆ, ಹಕ್ಕಿ ಬರುತ್ತವೆ. ನಡುವಿನ ಮುಳ್ಳಿನ ಪೊದೆಯಲ್ಲಿ ಗೂಡುಗಳು. ಬುಡದಲ್ಲಿ ತರಗೆಲೆ, ಒಣಕೊಂಬೆ, ಹುಲ್ಲು. ಅಲ್ಲಿ ಕಪ್ಪೆ, ಇಲಿ, ಜೀರುಂಡೆ. ಸಸ್ಯಹೇನು ತಿನ್ನುವ ಗುಲಗಂಜಿ ಹುಳುಗಳು ಚಳಿಗಾಲ ಕಳೆಯುವುದೂ ಇಂಥ ಜಾಗದಲ್ಲೇ. ಬೆಳೆ ಬಂದಾಗ ಅವು ಹೊಲಕ್ಕೆ ಇಳಿಯುತ್ತವೆ. ಇನ್ನು ಬಾವಲಿಗಳು ರಾತ್ರಿ ಬೇಲಿಯ ಗುಂಟ ಹಾರುತ್ತವೆ. ಬಯಲು ದಾಟಲು ಹಿಂಜರಿಯುವ ಎಷ್ಟೋ ಪ್ರಾಣಿಗಳಿಗೆ ಈ ಕಾಡಿನಿಂದ ಆ ಕಾಡಿಗೆ ಹೋಗುವ ಓಣಿ ಇದೇ. ಬೇಲಿ ನಡುವೆ ತುಂಡಾದರೆ ಓಣಿಯೂ ತುಂಡಾದ ಹಾಗೆ.

ಈಗ ಸವರುವ ಮಾತು. ಪ್ರತಿ ವರ್ಷ, ಅದೇ ಎತ್ತರಕ್ಕೆ, ಟ್ರ್ಯಾಕ್ಟರಿಗೆ ಕಟ್ಟಿದ ಯಂತ್ರದಿಂದ ನೀಟಾಗಿ ಸವರಿದ ಬೇಲಿ ನೋಡಲು ಚೆಂದ. ಆದರೆ ಬೇಲಿಗೆ ಇದಕ್ಕಿಂತ ಕೆಟ್ಟದ್ದು ಕಡಿಮೆ ಎಂದೇ ನನ್ನ ಅನಿಸಿಕೆ. ಬ್ರಿಟನ್ನಿನ ಬೇಲಿಗಳಲ್ಲಿ ಹಾಥಾರ್ನ್ ಎಂಬ ಮುಳ್ಳುಗಿಡ ತುಂಬಾ ಇರುತ್ತದೆ. ಅದು ಹೂ ಬಿಡುವುದು ಹಿಂದಿನ ವರ್ಷ ಬೆಳೆದ ಕೊಂಬೆಯಲ್ಲಿ. ವರ್ಷ ವರ್ಷವೂ ಆ ಕೊಂಬೆ ಕತ್ತರಿಸಿದರೆ ಹೂ ಎಲ್ಲಿಂದ ಬರಬೇಕು? ಹೂ ಇಲ್ಲದಿದ್ದರೆ ಹಣ್ಣಿಲ್ಲ. ಚಳಿಗಾಲದಲ್ಲಿ ಸ್ಕ್ಯಾಂಡಿನೇವಿಯಾ ಕಡೆಯಿಂದ ಸಮುದ್ರ ದಾಟಿ ಬರುವ ರೆಡ್‌ವಿಂಗ್, ಫೀಲ್ಡ್‌ಫೇರ್ ಹಕ್ಕಿಗಳು ಈ ಕೆಂಪು ಹಣ್ಣನ್ನೇ ನಂಬಿರುತ್ತವೆ. ಅಷ್ಟು ದೂರ ಹಾರಿ ಬಂದವಕ್ಕೆ ಬರೀ ಕಡ್ಡಿ ಸಿಗುತ್ತದೆ.

ಬ್ರೌನ್ ಹೇರ್‌ಸ್ಟ್ರೀಕ್ ಎಂಬ ಚಿಟ್ಟೆಯ ಕಥೆ ಇನ್ನೂ ಕಷ್ಟದ್ದು. ಬೇಸಿಗೆಯ ಕೊನೆಗೆ ಅದು ಬ್ಲ್ಯಾಕ್‌ಥಾರ್ನ್ ಗಿಡದ ಎಳೆ ಕೊಂಬೆಗಳ ಮೇಲೆ ಮೊಟ್ಟೆ ಇಡುತ್ತದೆ. ಸಾಸಿವೆಗಿಂತ ಸಣ್ಣ, ಬಿಳಿ ಚುಕ್ಕೆಯಂಥ ಮೊಟ್ಟೆ. ಇಡೀ ಚಳಿಗಾಲ ಅದು ಆ ಕೊಂಬೆಗೇ ಅಂಟಿಕೊಂಡಿರುತ್ತದೆ. ಮರಿ ಹುಳು ಹೊರಬರುವುದು ವಸಂತದಲ್ಲಿ. ನಡುವೆ ಯಂತ್ರ ಬಂತು ಅಂದರೆ, ಆ ಕೊಂಬೆಗಳ ಜೊತೆ ಮೊಟ್ಟೆಗಳೂ ನೆಲಕ್ಕೆ. ಸವರಿದವರಿಗೆ ಇದು ಗೊತ್ತೇ ಆಗುವುದಿಲ್ಲ, ಅಲ್ವಾ? ಕಣ್ಣಿಗೆ ಕಾಣುವಂಥದ್ದೇನೂ ಹೋಗಿರುವುದಿಲ್ಲ.

ಹಾಗಂತ ಕತ್ತಿಯನ್ನು ಅಟ್ಟಕ್ಕೆ ಹಾಕಿ ಕೂರುವಂತಿಲ್ಲ. ಸವರದೇ ಬಿಟ್ಟ ಬೇಲಿ ನಿಧಾನವಾಗಿ ಮರಗಳ ಸಾಲಾಗುತ್ತದೆ. ಬುಡ ಖಾಲಿಯಾಗಿ ಆಡು ಕುರಿ ನುಗ್ಗುವಷ್ಟು ಸಂದಿ ಬೀಳುತ್ತದೆ. ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆ ಬೇರೆ ಅರ್ಥದ್ದು. ಆದರೂ ಬೇಲಿ ಹೊಲದೊಳಗೆ ಹರಡಿ, ನೆರಳು ಬಿದ್ದು ಬೆಳೆ ಕುಂದೀತು ಎಂದು ರೈತರು ಹೆದರುವುದು ಸುಮ್ನೆ ಅಲ್ಲ.

ನಡುದಾರಿ ಇದೆ. ಒಂದು ಬೇಲಿಯನ್ನು ಎರಡು ಮೂರು ವರ್ಷಕ್ಕೊಮ್ಮೆ ಸವರಿದರೆ ಸಾಕು. ಇಡೀ ಜಮೀನಿನ ಬೇಲಿಯನ್ನು ಮೂರು ಪಾಲು ಮಾಡಿಕೊಳ್ಳಿ. ಈ ವರ್ಷ ಒಂದು ಪಾಲು, ಮುಂದಿನ ವರ್ಷ ಇನ್ನೊಂದು. ಯಾವ ವರ್ಷ ನೋಡಿದರೂ ಎಲ್ಲೋ ಒಂದು ಕಡೆ ಹೂವು, ಹಣ್ಣು, ಹಳೆಯ ಕೊಂಬೆ ಉಳಿದಿರುತ್ತದೆ. ಪ್ರತಿ ವರ್ಷ ಸವರಲೇಬೇಕು ಅನ್ನುವ ಜಾಗದಲ್ಲಿ, ಹಿಂದಿನ ಸಲ ಕತ್ತರಿಸಿದ್ದಕ್ಕಿಂತ ನಾಲ್ಕು ಬೆರಳು ಹೊರಗೆ ಕತ್ತರಿಸಿ. ಸಣ್ಣ ಮಾತಿನಂತೆ ಕಾಣುತ್ತದೆ, ಆದರೆ ಅದೇ ಗಂಟಿಗೆ ಮತ್ತೆ ಮತ್ತೆ ಏಟು ಬೀಳುವುದು ತಪ್ಪುತ್ತದೆ. ಆಕಾರವೂ ಮುಖ್ಯ. ಬುಡ ಅಗಲ, ನೆತ್ತಿ ಕಿರಿದು ಇದ್ದರೆ ಕೆಳಗಿನ ಎಲೆಗಳಿಗೂ ಬೆಳಕು ಸಿಗುತ್ತದೆ.

ಯಾವಾಗ ಸವರಬೇಕು? ಗೂಡು ಕಟ್ಟುವ ಕಾಲದಲ್ಲಂತೂ ಬೇಡವೇ ಬೇಡ. ಆ ಕಾಲ ಎಲ್ಲ ಕಡೆಯೂ ಒಂದೇ ಇರುವುದಿಲ್ಲ, ಆಯಾ ಜಾಗದ ಹಕ್ಕಿಗಳನ್ನು ನೋಡಿಯೇ ತಿಳಿಯಬೇಕು. ಹಣ್ಣು ತೀರಿದ ಮೇಲೆ, ಹೊಸ ಚಿಗುರು ಬರುವ ಮೊದಲು ಸವರುವುದು ಒಳ್ಳೆಯದು. ಗೂಡು ಕಟ್ಟುವ ಕಾಲದಲ್ಲಿ ಸವರಬಾರದು ಎಂಬುದನ್ನು ಇಂಗ್ಲೆಂಡ್ ಕಾನೂನೇ ಮಾಡಿದೆ. 2024ರ ನಿಯಮದಂತೆ ಅಲ್ಲಿನ ಕೃಷಿಭೂಮಿಯಲ್ಲಿ ಮಾರ್ಚ್ 1ರಿಂದ ಆಗಸ್ಟ್ 31ರವರೆಗೆ, ಕೆಲವು ವಿನಾಯಿತಿ ಬಿಟ್ಟರೆ, ಬೇಲಿ ಸವರುವಂತಿಲ್ಲ. 2 ಹೆಕ್ಟೇರಿಗಿಂತ ದೊಡ್ಡ ಹೊಲಗಳಲ್ಲಿ ಬೇಲಿಯ ನಡುಮಧ್ಯದಿಂದ 2 ಮೀಟರ್ ಜಾಗವನ್ನು ಉಳದೆ, ಗೊಬ್ಬರ, ಕೀಟನಾಶಕ ಹಾಕದೆ ಬಿಡಬೇಕು. ನನಗೆ ಈ 2 ಮೀಟರ್ ವಿಷಯ ತುಂಬಾ ಸರಿ ಅನಿಸುತ್ತದೆ. ಬುಡದ ಹುಲ್ಲಿಗೆ ಔಷಧಿ ಬಿದ್ದರೆ ಮೇಲಿನ ಪೊದೆ ಎಷ್ಟು ದಟ್ಟವಾಗಿದ್ದು ಏನು ಪ್ರಯೋಜನ? ಎರಡನೇ ಮಹಾಯುದ್ಧದ ನಂತರ ದೊಡ್ಡ ಯಂತ್ರಗಳು ತಿರುಗಲಿ ಎಂದು ಬೇಲಿಗಳನ್ನು ಮೈಲಿಗಟ್ಟಲೆ ಕಿತ್ತ ದೇಶ ಅದು. ಕೀಳುವುದಕ್ಕೆ ಲಗಾಮು ಹಾಕುವ ಕಾನೂನು ಬಂದದ್ದು 1997ರಲ್ಲಿ.

ಬುಡ ಆಗಲೇ ಬೋಳಾಗಿದ್ದರೆ? ಅದಕ್ಕೂ ಹಳೆಯ ಉಪಾಯವಿದೆ. ಗಿಡ ಚಿಗುರದೆ ಸುಮ್ಮನಿರುವ ಚಳಿಗಾಲದಲ್ಲಿ ಕಾಂಡವನ್ನು ನೆಲದ ಹತ್ತಿರ ಮುಕ್ಕಾಲಿಗಿಂತ ಹೆಚ್ಚು ಓರೆಯಾಗಿ ಕಡಿಯುತ್ತಾರೆ. ಸ್ವಲ್ಪ ತೊಗಟೆ, ಸ್ವಲ್ಪ ಮರ ಉಳಿಸಿ, ಕಾಂಡವನ್ನು ಸಾಲಿನ ಗುಂಟ ಬಾಗಿಸಿ ಮಲಗಿಸುತ್ತಾರೆ. ಉಳಿದ ಆ ತೆಳು ಪಟ್ಟಿಯಲ್ಲೇ ನೀರು ಹರಿದು ಮಲಗಿದ ಕಾಂಡ ಬದುಕುತ್ತದೆ. ಕಡಿದ ಬುಡದಿಂದ ಹೊಸ ಚಿಗುರು ನೇರವಾಗಿ ಏಳುತ್ತದೆ. ಮೊದಲ ವರ್ಷ ಬೇಲಿ ಹಾಳಾಯಿತೇನೋ ಅನ್ನುವಷ್ಟು ಬೋಳು ಬೋಳಾಗಿ ಕಾಣುತ್ತದೆ. ಆಗ ಅವಸರಪಟ್ಟು ಮತ್ತೆ ಕತ್ತರಿ ಹಿಡಿಯಬೇಡಿ. ಎಳೆ ಚಿಗುರಿಗೆ ದನ ಬಾಯಿ ಹಾಕದಂತೆ ನೋಡಿಕೊಳ್ಳಿ. ಎರಡು ಮೂರು ವರ್ಷದಲ್ಲಿ ಬುಡದ ಸಂದಿ ಮುಚ್ಚಿಕೊಳ್ಳುತ್ತದೆ.