ಪದ ಪರಿಚಯ: ಪಶುವೈದ್ಯಕೀಯ ತಂತ್ರಜ್ಞ

ನಮ್ಮ ಭಾಗದ ದನದ ದವಾಖಾನೆಯಲ್ಲಿ ಡಾಕ್ಟರ ಪಕ್ಕದಲ್ಲಿ ನಿಂತವರಿಗೆಲ್ಲ ಒಂದೇ ಹೆಸರು, ಕಾಂಪೌಂಡರ್. ಹಾವೇರಿ ಕಡೆಯಿಂದ ಎತ್ತು ತಂದ ರೈತರೂ ಹಾಗೆಯೇ ಕರೆಯುತ್ತಾರೆ, ವಿದ್ಯಾನಗರದಿಂದ ಲ್ಯಾಬ್ರಡಾರ್ ಮರಿಯನ್ನು ಮಡಿಲಲ್ಲಿಟ್ಟುಕೊಂಡು ಬಂದ ಅಕ್ಕನವರೂ ಹಾಗೆಯೇ ಕರೆಯುತ್ತಾರೆ. ಕಾಂಪೌಂಡರ್ ಎಂದರೆ ಔಷಧ ಬೆರೆಸಿ ಕೊಡುವವನು. ಬಾಟಲಿಗೆ ಗೆರೆ ಹಾಕಿ ಮಿಕ್ಸ್ಚರ್ ತುಂಬಿಸುತ್ತಿದ್ದ ಕಾಲದ ಮಾತು ಅದು. ಬೆರೆಸುವ ಕೆಲಸ ಬಹುಮಟ್ಟಿಗೆ ನಿಂತುಹೋಗಿದೆ, ಹೆಸರು ಮಾತ್ರ ಉಳಿದಿದೆ. ಒಂಬತ್ತು ವರ್ಷಗಳಿಂದ ಹುಬ್ಬಳ್ಳಿಯ ಒಂದು ಖಾಸಗಿ ಪ್ರಾಣಿ ಚಿಕಿತ್ಸಾಲಯದಲ್ಲಿ ನಾನು ಮಾಡುತ್ತಿರುವ ಕೆಲಸಕ್ಕೆ ಸರಿಹೊಂದುವ ಪದ ಪಶುವೈದ್ಯಕೀಯ ತಂತ್ರಜ್ಞ. ಸರ್ಕಾರಿ ಇಲಾಖೆಯಲ್ಲಿ ಇದಕ್ಕೆ ಹತ್ತಿರದ ಹುದ್ದೆಯನ್ನು ಪಶುವೈದ್ಯಕೀಯ ಪರೀಕ್ಷಕ ಎನ್ನುತ್ತಾರೆ. ಬ್ರಿಟನ್ನಿನಲ್ಲಿ ವೆಟರ್ನರಿ ನರ್ಸ್ ಎನ್ನುತ್ತಾರೆ, ಅಮೆರಿಕದಲ್ಲಿ ವೆಟರ್ನರಿ ಟೆಕ್ನಿಷಿಯನ್.

ಪದದ ಅರ್ಥ ತಿಳಿಯಬೇಕಾದರೆ ಮೊದಲು ಅದರ ಎಲ್ಲೆ ತಿಳಿಯಬೇಕು. ತಂತ್ರಜ್ಞ ಮೂರು ಕೆಲಸ ಮಾಡುವಂತಿಲ್ಲ: ರೋಗ ಇಂಥದ್ದೇ ಎಂದು ತೀರ್ಮಾನಿಸುವಂತಿಲ್ಲ, ಔಷಧ ಬರೆದುಕೊಡುವಂತಿಲ್ಲ, ಶಸ್ತ್ರಚಿಕಿತ್ಸೆ ಮಾಡುವಂತಿಲ್ಲ. ನಮ್ಮ ದೇಶದಲ್ಲಿ 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆಯ 30ನೇ ಕಲಂ ಈ ಎಲ್ಲೆಯನ್ನು ಎಳೆದಿದೆ. ನೋಂದಾಯಿತ ಪಶುವೈದ್ಯರ ಮೇಲ್ವಿಚಾರಣೆಯಲ್ಲಿ, ರಾಜ್ಯ ಸರ್ಕಾರದ ಅನುಮತಿಯಿದ್ದಾಗ, ಡಿಪ್ಲೊಮಾ ಅಥವಾ ಪ್ರಮಾಣಪತ್ರ ಪಡೆದವರು ‘ಸಣ್ಣ ಪಶುವೈದ್ಯಕೀಯ ಸೇವೆ’ಗಳನ್ನು ಮಾಡಬಹುದು. ಲಸಿಕೆ ಹಾಕುವುದು, ಹೋರಿಗಳ ಬೀಜ ಒಡೆಯುವುದು, ಗಾಯ ತೊಳೆದು ಕಟ್ಟುವುದು ಇದರಲ್ಲಿ ಬರುತ್ತವೆ.

ಈ ಎಲ್ಲೆಯನ್ನು ಕಾಯುವುದು ಹೇಳಿದಷ್ಟು ಸುಲಭವಲ್ಲ. ಮೇವು ಬಿಟ್ಟ ಆಕಳನ್ನು ತಂದ ಹಿರಿಯರು ಡಾಕ್ಟರು ಬರುವ ಮೊದಲೇ, ‘ಏನಾಗಿದೆ ತಮ್ಮಾ, ನೀನಾದರೂ ಹೇಳು’ ಎಂದು ಕೈ ಹಿಡಿದು ಕೇಳುತ್ತಾರೆ. ಊಹೆ ನಾಲಿಗೆಯ ತುದಿಗೆ ಬಂದಿರುತ್ತದೆ. ಆದರೂ ನಾನು ಹೇಳುವುದು ಇಷ್ಟೇ: ‘ಯಜಮಾನರೇ, ಜ್ವರ 104 ಇದೆ, ಮೆಲುಕು ನಿಂತಿದೆ. ಡಾಕ್ಟರು ಬಂದು ನೋಡಲಿ.’ ಆಕಳಿಗೆ ಸಹಜವಾದ ಉಷ್ಣತೆ ಸುಮಾರು ನೂರಾ ಒಂದೂವರೆ ಡಿಗ್ರಿ ಫ್ಯಾರನ್‌ಹೀಟ್. ಕಂಡದ್ದನ್ನು ಕಂಡಷ್ಟೇ ಹೇಳುವುದು ಒಂದು ವಿದ್ಯೆ, ನನಗದು ಬರಲು ಎರಡು ವರ್ಷ ಹಿಡಿಯಿತು.

ಇನ್ನು ಮಾಡುವ ಕೆಲಸಗಳು. ಮೊದಲನೆಯದು ಹಿಡಿಯುವುದು. ಇದನ್ನು ಬರೀ ತೋಳ್ಬಲದ ಕೆಲಸವೆಂದು ತಿಳಿದವರೇ ಹೆಚ್ಚು, ನನಗೆ ಇದರಲ್ಲಿ ತೀವ್ರವಾದ ಭಿನ್ನಾಭಿಪ್ರಾಯವಿದೆ. ನಾಯಿಯ ಮುಂಗಾಲಿನಿಂದ ರಕ್ತ ತೆಗೆಯುವುದನ್ನೇ ನೋಡಿ. ಒಂದು ತೋಳು ನಾಯಿಯ ಕೊರಳನ್ನು ಬಳಸಿ ತಲೆಯನ್ನು ನನ್ನ ಭುಜಕ್ಕೆ ಒರಗಿಸಿಕೊಂಡಿರುತ್ತದೆ. ಇನ್ನೊಂದು ಕೈ ಮೊಣಕೈಯನ್ನು ಹಿಂದಿನಿಂದ ತಡೆದಿರುತ್ತದೆ. ಅದೇ ಕೈಯ ಹೆಬ್ಬೆರಳು ಕಾಲಿನ ಮೇಲ್ಬದಿಯ ರಕ್ತನಾಳವನ್ನು ಒತ್ತಿ ಸ್ವಲ್ಪ ಹೊರಕ್ಕೆ ಹೊರಳಿಸಬೇಕು, ಆಗ ನಾಳ ಉಬ್ಬಿ ನಿಲ್ಲುತ್ತದೆ. ಸೂಜಿ ಹೊರಬರುವ ಮುನ್ನ ಹೆಬ್ಬೆರಳನ್ನು ಸಡಿಲಿಸಬೇಕು. ಸೇರಿದ ಮೊದಲ ತಿಂಗಳು ನಾನು ಒಮ್ಮೆ ಅದನ್ನು ಮರೆತೆ. ಚರ್ಮದಡಿ ರಕ್ತ ಸೋರಿ ಕಾಲು ಲಿಂಬೆಕಾಯಿಯಷ್ಟು ಊದಿಕೊಂಡಿತು. ಆ ನಾಯಿ ಮುಂದಿನ ಸಲ ಬಂದಾಗ ಬಾಗಿಲಲ್ಲೇ ನನ್ನನ್ನು ಗುರುತಿಸಿ ಹಿಂದೆ ಸರಿಯಿತು. ಇವತ್ತಿಗೂ ಅದು ನನ್ನನ್ನು ಚುಚ್ಚುತ್ತದೆ. ದೊಡ್ಡ ದನಗಳಿಗಾದರೆ ಸರ್ಕಾರಿ ದವಾಖಾನೆಯ ಅಂಗಳದಲ್ಲಿ ಕಬ್ಬಿಣದ ಕೊಳವೆಗಳ ಚೌಕಟ್ಟು, ಅಂದರೆ ಟ್ರೆವಿಸ್, ಇರುತ್ತದೆ. ಅಲ್ಲಿಯೂ ಎತ್ತು ಸುಮ್ಮನೆ ನಿಲ್ಲುವುದು ಕೊಳವೆಗೆ ಹೆದರಿ ಅಲ್ಲ, ಮೂಗುದಾರ ಹಿಡಿದವನ ಕೈಯನ್ನು ನಂಬಿ.

ಎರಡನೆಯದು ಅರಿವಳಿಕೆಯ ಕಾವಲು. ಡಾಕ್ಟರ ಕಣ್ಣು ಕತ್ತರಿಸುವ ಜಾಗದ ಮೇಲಿರುತ್ತದೆ, ಪ್ರಾಣಿಯ ಉಸಿರಿನ ಮೇಲೆ ಕಣ್ಣಿಡುವವರು ನಾವು. ನಾಲಿಗೆಗೆ ಆಮ್ಲಜನಕ ಅಳೆಯುವ ಚಿಮುಟ ಸಿಕ್ಕಿಸಿರುತ್ತೇವೆ. ಅದು ಒದ್ದೆಯ ನಾಲಿಗೆಯಿಂದ ಜಾರಿ ಸುಳ್ಳು ಅಂಕಿ ತೋರಿಸುವುದುಂಟು, ಆದ್ದರಿಂದ ಒಸಡನ್ನು ನೋಡುವುದನ್ನು ಬಿಡುವಂತಿಲ್ಲ. ಬೆರಳಿನಿಂದ ಒತ್ತಿದರೆ ಒಸಡು ಬಿಳಿಚುತ್ತದೆ. ಬೆರಳು ತೆಗೆದ ಎರಡು ಸೆಕೆಂಡಿನೊಳಗೆ ಮತ್ತೆ ಗುಲಾಬಿಯಾಗಬೇಕು. ಅರಿವಳಿಕೆಯಲ್ಲಿ ನಾಯಿಯ ಕಣ್ಣು ತೆರೆದೇ ಇರುತ್ತದೆ, ಒಣಗದಂತೆ ಮುಲಾಮು ಹಚ್ಚುತ್ತೇವೆ. ಶಸ್ತ್ರಚಿಕಿತ್ಸೆ ಮುಗಿದು ಎಲ್ಲರೂ ಕೈಗವಸು ಕಳಚುವ ಹೊತ್ತಿಗೆ ನನ್ನ ಕೆಲಸದ ಬಿಗುವಾದ ಭಾಗ ಶುರುವಾಗುತ್ತದೆ. ಉಸಿರಾಟಕ್ಕೆಂದು ಗಂಟಲಿಗೆ ಇಳಿಸಿದ ನಳಿಕೆಯನ್ನು, ನಾಯಿ ತಾನಾಗಿ ನುಂಗಲು ತೊಡಗಿದ ಮೇಲೆಯೇ ತೆಗೆಯಬೇಕು. ಬೇಗ ತೆಗೆದರೆ ಬಾಯಿಯ ನೀರು ಶ್ವಾಸಕೋಶಕ್ಕೆ ಇಳಿಯಬಹುದು, ತಡಮಾಡಿದರೆ ನಳಿಕೆಯನ್ನೇ ಕಚ್ಚಬಹುದು. ಮುಧೋಳ ನಾಯಿಯಾದರೆ ಕಂಬಳಿ ಮೊದಲೇ ಸಿದ್ಧವಿರಬೇಕು. ಅದರ ಮೈಯಲ್ಲಿ ಕೊಬ್ಬು ಕಡಿಮೆ, ಬೇಗ ತಣ್ಣಗಾಗುತ್ತದೆ.

ಇಲ್ಲಿಂದಲೇ ‘ವಿಶೇಷ ತಂತ್ರಜ್ಞ’ ಎಂಬ ಮಾತು ಹುಟ್ಟುತ್ತದೆ. ಅಮೆರಿಕದಲ್ಲಿ ತಂತ್ರಜ್ಞರ ರಾಷ್ಟ್ರೀಯ ಸಂಘ 1981ರಲ್ಲಿ ಹುಟ್ಟಿತು. ತುರ್ತು ಚಿಕಿತ್ಸೆ, ಅರಿವಳಿಕೆ, ದಂತ ಚಿಕಿತ್ಸೆ, ಮೃಗಾಲಯದ ಪ್ರಾಣಿಗಳು ಹೀಗೆ ಒಂದೊಂದು ವಿಷಯದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿ, ತಾನು ನೋಡಿಕೊಂಡ ಪ್ರಾಣಿಗಳ ದಾಖಲೆ ಒಪ್ಪಿಸಿ, ಪರೀಕ್ಷೆ ಬರೆದವರಿಗೆ ಅಲ್ಲಿ ವಿಶೇಷ ತಂತ್ರಜ್ಞ ಎಂಬ ಬಿರುದು ಸಿಗುತ್ತದೆ. ನಮ್ಮಲ್ಲಿ ಒಬ್ಬೊಬ್ಬರ ಕೈ ಒಂದೊಂದರಲ್ಲಿ ಪಳಗಿರುತ್ತದೆ. ಅದಕ್ಕೊಂದು ಬಿರುದು ಇದ್ದರೆ ಚೆನ್ನಾಗಿತ್ತು ಎಂದು ನನಗೆ ಮನಸಾರೆ ಅನ್ನಿಸುತ್ತದೆ. ಏಕೆಂದರೆ ಒಂದು ಪ್ರಾಣಿಗೆ ಒಗ್ಗಿದ ತಿಳಿವಳಿಕೆ ಇನ್ನೊಂದಕ್ಕೆ ಒಗ್ಗುವುದಿಲ್ಲ. ಎಮ್ಮೆಯನ್ನು ನಾಯಿಯ ಹಾಗೆ ಗಂಟೆಗಟ್ಟಲೆ ಮಲಗಿಸಿಟ್ಟರೆ ಹೊಟ್ಟೆ ಉಬ್ಬರಿಸಿ ಉಸಿರು ಕಟ್ಟುತ್ತದೆ. ಹಾಗಾಗಿ ಕರುವನ್ನು ಹೊಟ್ಟೆ ಕೊಯ್ದು ತೆಗೆಯುವ ಶಸ್ತ್ರಚಿಕಿತ್ಸೆಯನ್ನೂ ಎಷ್ಟೋ ಸಲ ಪಕ್ಕೆಯಷ್ಟನ್ನೇ ಮರಗಟ್ಟಿಸಿ, ನಿಂತಂತೆಯೇ ಮಾಡುತ್ತಾರೆ. ಮನುಷ್ಯರಿಗೆ ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ, ಅರ್ಧ ಗುಳಿಗೆಯೂ ಜೀವ ತೆಗೆಯಬಲ್ಲದು. ಗದಗಿನ ಬಿಂಕದಕಟ್ಟಿ ಮೃಗಾಲಯದಂಥ ಕಡೆಯ ಪ್ರಾಣಿಗಳ ಆರೈಕೆಯಂತೂ ಬೇರೆಯೇ ಲೋಕ. ಕಾಡುಪ್ರಾಣಿ ತನ್ನ ನೋವನ್ನು ಬಚ್ಚಿಡುತ್ತದೆ.

ಅಪಾಯದ ಮಾತನ್ನೂ ಹೇಳಬೇಕು. ದನಗಳಲ್ಲಿ ಗರ್ಭಪಾತ ತರುವ ಕಂದು ರೋಗ, ಅಂದರೆ ಬ್ರುಸೆಲ್ಲೋಸಿಸ್, ಬಾರದಂತೆ 4ರಿಂದ 8 ತಿಂಗಳ ಹೆಣ್ಣು ಕರುಗಳಿಗೆ ಹಾಕುವ ಲಸಿಕೆಯಲ್ಲಿ ಜೀವಂತ ರೋಗಾಣು ಇರುತ್ತದೆ. ಕರು ಒದ್ದು ಸೂಜಿ ನಮ್ಮ ಕೈಗೆ ಚುಚ್ಚಿದರೆ ರೋಗ ನಮಗೇ ಬರಬಹುದು. ನಾಯಿಗಳ ನಡುವೆ ಕೆಲಸ ಮಾಡುವವರು ರೇಬಿಸ್ ಲಸಿಕೆಯನ್ನು ಕಚ್ಚಿಸಿಕೊಳ್ಳುವ ಮೊದಲೇ ಹಾಕಿಸಿಕೊಂಡಿರಬೇಕು.

ಹತ್ತಿರದ ಕೆಲವು ಪದಗಳೊಂದಿಗೆ ಇದನ್ನು ಬೆರೆಸಬಾರದು. ಪಶುಸಖಿ ಎಂದರೆ ಸ್ವಸಹಾಯ ಸಂಘಗಳ ಮೂಲಕ ತರಬೇತಿ ಪಡೆದು ಊರಲ್ಲೇ ಜಾನುವಾರು ಆರೈಕೆಗೆ ನೆರವಾಗುವ ಮಹಿಳೆ. ಮೈತ್ರಿ ಕಾರ್ಯಕರ್ತರ ಮುಖ್ಯ ಕೆಲಸ ಮನೆ ಬಾಗಿಲಿಗೆ ಬಂದು ಕೃತಕ ಗರ್ಭಧಾರಣೆ ಮಾಡುವುದು. 1962ಕ್ಕೆ ಕರೆ ಮಾಡಿದಾಗ ಬರುವ ಪಶು ಆಂಬುಲೆನ್ಸಿನಲ್ಲಿ ಡಾಕ್ಟರ ಜೊತೆಗೆ ಇಳಿಯುವ ಸಹಾಯಕರು ಮಾತ್ರ ನಮ್ಮ ಕುಲದವರೇ.

ಓದಬೇಕೆನ್ನುವವರಿಗೆ ದಾರಿ ದೂರವಿಲ್ಲ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಪಶುಸಂಗೋಪನಾ ಪಾಲಿಟೆಕ್ನಿಕ್ ಹಾವೇರಿ ಜಿಲ್ಲೆಯ ಶಿಗ್ಗಾಂವಿಯಲ್ಲೇ ಇದೆ. ಗದಗಿನಲ್ಲಿರುವ ಕಾಲೇಜು ಡಾಕ್ಟರಾಗುವವರಿಗೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗರಿಗೆ ಮೊದಲ ದಿನ ನಾನು ಸೂಜಿ ಕೊಡುವುದಿಲ್ಲ. ಪಂಜರದಲ್ಲಿ ಮಲಗಿದ ನಾಯಿಯನ್ನು ಎಬ್ಬಿಸದೆ, ಮುಟ್ಟದೆ, ಅದರ ಪಕ್ಕೆಯ ಏರಿಳಿತ ನೋಡುತ್ತಾ ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸಿ ಬರೆಯಲು ಹೇಳುತ್ತೇನೆ. ಮೂರು ಸಲ ಎಣಿಸಬೇಕು, ಮೂರನ್ನೂ ತಿದ್ದದೆ ಬರೆಯಬೇಕು.