ರೂಸೋ ಪುಸ್ತಕ ಓದಿ ಜನ ಬಾಸ್ತೀಲಿಗೆ ನುಗ್ಗಿದರೇ?

ಪ್ರಶ್ನೆ: ಫ್ರಾನ್ಸಿನ ಕ್ರಾಂತಿಗೆ ರೂಸೋ, ವೋಲ್ಟೇರ್, ಮಾಂಟೆಸ್ಕ್ಯೂ ಬರಹಗಳೇ ಕಾರಣ ಅಂತಾರೆ. ಪುಸ್ತಕ ಓದಿ ಜನ ದಂಗೆ ಏಳುತ್ತಾರಾ?

ಪರೀಕ್ಷೆ ಹತ್ತಿರ ಬಂದಾಗಲೆಲ್ಲ ಬರುವ ಪ್ರಶ್ನೆ ಇದು. ಉತ್ತರ ಎಷ್ಟು ಸಲ ಕೊಟ್ಟರೂ 'ರೂಸೋ ಬರೆದ, ಜನ ಓದಿದರು, ಬಾಸ್ತೀಲ್ (ಪ್ಯಾರಿಸಿನ ಕೋಟೆ-ಸೆರೆಮನೆ) ಬಿತ್ತು' ಎಂಬ ಸಾಲು ಮಾತ್ರ ನೋಟ್ಸಿನಿಂದ ನೋಟ್ಸಿಗೆ ಇಳಿಯುತ್ತಲೇ ಇದೆ. ಇನ್ನೊಮ್ಮೆ ಹೇಳುತ್ತೇನೆ.

ಮೊದಲು ಇಸವಿ ನೋಡಿ. ಮಾಂಟೆಸ್ಕ್ಯೂ ತೀರಿಕೊಂಡದ್ದು 1755ರಲ್ಲಿ, ವೋಲ್ಟೇರ್ ಮತ್ತು ರೂಸೋ 1778ರಲ್ಲಿ. ಕ್ರಾಂತಿಯಾದದ್ದು 1789ರಲ್ಲಿ. ಮಾಂಟೆಸ್ಕ್ಯೂ ಮೆಚ್ಚಿದ್ದು ಇಂಗ್ಲೆಂಡಿನಂಥ, ಕಟ್ಟುಪಾಡಿಗೆ ಒಳಪಟ್ಟ ರಾಜಪ್ರಭುತ್ವವನ್ನು. ವೋಲ್ಟೇರನಿಗೆ ವಿವೇಕಿ ರಾಜನ ಮೇಲೇ ಭರವಸೆ. ರೂಸೋನ 'ಸಾಮಾಜಿಕ ಒಪ್ಪಂದ' 1762ರಲ್ಲೇ ಬಂದಿತ್ತು, ನಿಜ. ಆದರೆ ಕ್ರಾಂತಿಗೆ ಮೊದಲು ಓದುಗರು ಮುಗಿಬಿದ್ದದ್ದು ಅವನ ಪ್ರೇಮ ಕಾದಂಬರಿಗೆ.

ಇನ್ನು ಜುಲೈ 14. ಆ ಬೆಳಿಗ್ಗೆ ಪ್ಯಾರಿಸಿನ ಜನ ಗಾಯಾಳು, ಮುದಿ ಸೈನಿಕರ ಆಶ್ರಯವಾಗಿದ್ದ ಇನ್ವಲೀದ್ ಕಟ್ಟಡಕ್ಕೆ ನುಗ್ಗಿ ಸುಮಾರು 30,000 ಕೋವಿ ಹೊತ್ತು ತಂದರು. ಕೋವಿ ಸಿಕ್ಕಿತು, ಮದ್ದಿಲ್ಲ. 250 ಪೀಪಾಯಿ ಮದ್ದು ಇದ್ದದ್ದು ಬಾಸ್ತೀಲಿನಲ್ಲಿ. ಅಲ್ಲಿಗೆ ಹೋದದ್ದು ಅದಕ್ಕಾಗಿ. ಒಳಗಿದ್ದ ಕೈದಿಗಳು ಏಳೇ ಜನ, ಅವರಲ್ಲಿ ನಾಲ್ವರು ಖೋಟಾ ದಾಖಲೆ ಮಾಡಿದವರು. ಹೊಟ್ಟೆಯ ಲೆಕ್ಕವನ್ನೂ ಸೇರಿಸಿ: ಸಾಮಾನ್ಯವಾಗಿ 8-9 ಸೂ (ಆಗಿನ ಫ್ರೆಂಚ್ ಚಿಲ್ಲರೆ ನಾಣ್ಯ) ಇದ್ದ ನಾಲ್ಕು ಪೌಂಡಿನ ಬ್ರೆಡ್ಡು ಆ ವರ್ಷ 14.5 ಸೂಗೆ ಏರಿತ್ತು.

ಹಾಗಾದರೆ ತತ್ವಜ್ಞಾನಿಗಳು ಲೆಕ್ಕಕ್ಕೇ ಇಲ್ಲವೇ? ಖಂಡಿತ ಇದ್ದಾರೆ. 1775ರಲ್ಲೂ ಹಿಟ್ಟಿಗಾಗಿ ಗಲಭೆಗಳಾದವು, ಸೈನ್ಯ ಬಂತು, ಅಲ್ಲಿಗೆ ಮುಗಿಯಿತು. 1789ರಲ್ಲಿ ಹಾಗಾಗಲಿಲ್ಲ. ಖಜಾನೆ ಬರಿದಾಗಿ, 1614ರ ನಂತರ ಸೇರಿಯೇ ಇರದ, ಪಾದ್ರಿಗಳು, ಶ್ರೀಮಂತ ಕುಲೀನರು, ಉಳಿದ ಜನ ಎಂಬ ಮೂರು ವರ್ಗಗಳ ಮಹಾಸಭೆಯನ್ನು ರಾಜನೇ ಕರೆಯಬೇಕಾಯಿತು. ಮೂರನೇ ವರ್ಗದಿಂದ ಬಂದವರಲ್ಲಿ ವಕೀಲರು ಬಹಳ. ಪುಸ್ತಕ ಓದಿದ್ದವರು ಇವರು. 'ನಾವೇ ರಾಷ್ಟ್ರ' ಎನ್ನುವ ಮಾತು ಇವರ ಬಾಯಲ್ಲಿ ಸಿದ್ಧವಾಗಿತ್ತು. ಜೂನ್ 17ರಂದು ರಾಷ್ಟ್ರೀಯ ಸಭೆ ಎಂದು ತಮಗೆ ತಾವೇ ಹೆಸರಿಟ್ಟುಕೊಂಡರು.

ಆಗಸ್ಟ್ 26ರಂದು ಅಂಗೀಕಾರವಾದ ಹಕ್ಕುಗಳ ಘೋಷಣೆಯನ್ನು ಒಮ್ಮೆ ಓದಿ, 17 ವಿಧಿ ಅಷ್ಟೆ. ಕಾನೂನೆಂದರೆ ಸಾಮಾನ್ಯ ಇಚ್ಛೆಯ (ಎಲ್ಲರ ಹಿತ ಬಯಸುವ ಇಡೀ ಸಮಾಜದ ಇಚ್ಛೆಯ) ಅಭಿವ್ಯಕ್ತಿ ಎನ್ನುವ 6ನೇ ವಿಧಿ ರೂಸೋನ ಮಾತು. ಅಧಿಕಾರ ವಿಭಜನೆ ಇಲ್ಲದ ಸಮಾಜಕ್ಕೆ ಸಂವಿಧಾನವೇ ಇಲ್ಲ ಎನ್ನುವ 16ನೆಯದು ಮಾಂಟೆಸ್ಕ್ಯೂನದು. ಸ್ವಾತಂತ್ರ್ಯ, ಆಸ್ತಿ ಸಹಜ ಹಕ್ಕುಗಳೆನ್ನುವ 2ನೆಯದರಲ್ಲಿ ಇಂಗ್ಲಿಷ್ ತತ್ವಜ್ಞಾನಿ ಜಾನ್ ಲಾಕ್‌ನ ದನಿ ಕೇಳುತ್ತದೆ. ಪರೀಕ್ಷೆಯಲ್ಲಿ ಬರೆಯಬೇಕಾದದ್ದು ಇದು: ಬೆಂಕಿ ಹೊತ್ತಿಸಿದ್ದು ಸಾಲ ಮತ್ತು ಹಸಿವು, ಆಮೇಲೆ ಏನು ಕಟ್ಟಬೇಕೆಂಬ ನಕ್ಷೆ ಪುಸ್ತಕಗಳದ್ದು.

ಆ ಹಕ್ಕುಗಳು ಯಾರಿಗೆ ಅಂತ ಮಾತ್ರ ಯಾರೂ ಕೇಳುವುದಿಲ್ಲ. ಮತ ಹಾಕಲು 25 ವರ್ಷ ದಾಟಿದ ಗಂಡಸಾಗಿರಬೇಕಿತ್ತು, ಮೂರು ದಿನದ ಕೂಲಿಯಷ್ಟು ನೇರ ತೆರಿಗೆಯನ್ನೂ ಕಟ್ಟಬೇಕಿತ್ತು. 1791ರಲ್ಲಿ ಒಲಿಂಪ್ ದ ಗೂಜ್ ಎಂಬಾಕೆ ಅದೇ 17 ವಿಧಿಗಳ ಮಾದರಿಯಲ್ಲಿ ಹೆಂಗಸರ ಹಕ್ಕುಗಳ ಘೋಷಣೆ ಬರೆದಳು. ವಧಾಸ್ಥಾನದ ಮೆಟ್ಟಿಲು ಹತ್ತುವ ಹಕ್ಕು ಹೆಣ್ಣಿಗಿದ್ದರೆ ಭಾಷಣದ ವೇದಿಕೆ ಹತ್ತುವ ಹಕ್ಕೂ ಇರಬೇಕು ಎನ್ನುವುದು ಅದರ 10ನೇ ವಿಧಿ. 1793ರ ನವೆಂಬರ್ 3ರಂದು ಅವಳನ್ನು ತಲೆ ಕಡಿಯುವ ಯಂತ್ರವಾದ ಗಿಲೊಟಿನ್‌ಗೆ ಏರಿಸಿದರು.