ಬೇರಿಲ್ಲದ ಗಿಡ, ಸೋರುವ ಮಾಡು

ಏಪ್ರಿಲ್ ಬಿಸಿಲಲ್ಲಿ ಮಲೆನಾಡಿನ ಯಾವುದಾದರೂ ಹಳೇ ಹೆಂಚಿನ ಮಾಡನ್ನು ಹತ್ತಿರದಿಂದ ನೋಡಿ. ಪಾಚಿ ಸುಟ್ಟು ಕರಕಲಾದ ಹಾಗೆ ಹೆಂಚಿಗೆ ಅಂಟಿಕೊಂಡಿರುತ್ತದೆ. ಸತ್ತೇ ಹೋಯಿತು ಅನ್ನಿಸುತ್ತದೆ. ಅದರ ಮೇಲೆ ಒಂದು ಚೊಂಬು ನೀರು ಹಾಕಿ. ಸ್ವಲ್ಪ ಹೊತ್ತಿಗೇ ಮುದುಡಿದ ಎಲೆಗಳು ಬಿಚ್ಚಿಕೊಂಡು ಹಸಿರಾಗುತ್ತವೆ. ಇಷ್ಟು ದಿನ ಅದು ಸತ್ತಿರಲಿಲ್ಲ, ಒಣಗಿ ಮಳೆಗೆ ಕಾಯುತ್ತಿತ್ತು ಅಷ್ಟೇ.

ಪಾಚಿಗೆ ನಿಜವಾದ ಬೇರಿಲ್ಲ. ಹೆಂಚನ್ನು ಹಿಡಿದುಕೊಳ್ಳಲು ಸಣ್ಣ ಎಳೆಗಳಿವೆ. ನೀರು, ಲವಣ ಎಲ್ಲವನ್ನೂ ಎಲೆಯ ಮೈಯಿಂದಲೇ ಹೀರಿಕೊಳ್ಳುತ್ತದೆ. ಹಾಗಾಗಿ ಅದಕ್ಕೆ ಮಣ್ಣೇ ಬೇಕೆಂದಿಲ್ಲ. ನೀರು ಹೀರಿ ಇಟ್ಟುಕೊಳ್ಳುವ ಹೆಂಚು, ಮೇಲೊಂದಿಷ್ಟು ದೂಳು, ನೆರಳು ಇದ್ದರೆ ಸಾಕು. ಅದರ ಬೀಜಕಣಗಳು ಗಾಳಿಯಲ್ಲಿ ಬರುತ್ತವೆ, ತಡೆಯಲು ಆಗುವುದಿಲ್ಲ. ಮಾಡು ಎಷ್ಟು ಹೊತ್ತು ಒದ್ದೆ ಇರುತ್ತದೆ ಅನ್ನುವುದು ಮಾತ್ರ ತಕ್ಕಮಟ್ಟಿಗೆ ನಮ್ಮ ಕೈಯಲ್ಲಿದೆ.

ಪಾಚಿ ಹೆಂಚನ್ನು ಕೊರೆದು ತಿನ್ನುತ್ತದೆ ಅಂತ ಹೆದರುವವರಿದ್ದಾರೆ. ನಿಜವಾದ ತೊಂದರೆ ಹೆಂಚಿನ ಮೇಲೆ ಹೆಂಚು ಕೂರುವ ಸಂದಿಯಲ್ಲಿ. ಅಲ್ಲಿ ಪಾಚಿ ದಪ್ಪಗಾದರೆ ಇಳಿದು ಹೋಗಬೇಕಾದ ನೀರು ನಿಲ್ಲುತ್ತದೆ, ಹಿಂದಕ್ಕೆ ಹತ್ತಿ ಒಳಗೆ ಜಿನುಗುತ್ತದೆ. ಒಂದು ಹೆಂಚೂ ಒಡೆದಿರುವುದಿಲ್ಲ, ಮಾಡು ಮಾತ್ರ ಸೋರುತ್ತದೆ. ಹೆಂಚಿನ ಕೆಳಗಿನ ಮರದ ಪಟ್ಟಿಗಳು, ಅಂದರೆ ರೀಪು, ಪಕಾಸು, ಕೊಳೆತು ಕುಂಬಾಗುವುದು ಹೀಗೆ.

ಪಾಚಿ ಉತ್ತರದ ಕಡೆಗೇ ಬೆಳೆಯುತ್ತದೆ ಅನ್ನುವ ಮಾತಿದೆಯಲ್ಲ, ಅದು ಯುರೋಪಿಗೆ ಸರಿ. ಅಲ್ಲಿ ಮಧ್ಯಾಹ್ನದ ಸೂರ್ಯ ಯಾವಾಗಲೂ ದಕ್ಷಿಣಕ್ಕಿರುತ್ತಾನೆ. ತೀರ್ಥಹಳ್ಳಿಯಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಜೊತೆಗೆ ಮುಂಗಾರು ಮಳೆ ಹೆಚ್ಚಾಗಿ ಪಶ್ಚಿಮ, ನೈಋತ್ಯದ ಕಡೆಯಿಂದ ಹೊಡೆಯುತ್ತದೆ. ಆದ್ದರಿಂದ ನಮ್ಮಲ್ಲಿ ದಿಕ್ಕಿಗಿಂತ ಜಾಸ್ತಿ ನೋಡಬೇಕಾದದ್ದು ಮಾಡಿನ ಮೇಲೆ ಬಾಗಿದ ಹಲಸಿನ ಕೊಂಬೆಯನ್ನು. ಅದು ಬಿಸಿಲು ತಡೆಯುತ್ತದೆ, ಮಳೆ ನಿಂತ ಮೇಲೂ ತೊಟ್ಟಿಕ್ಕುತ್ತದೆ, ಎಲೆ ಉದುರಿಸಿ ಗೊಬ್ಬರವನ್ನೂ ಕೊಡುತ್ತದೆ.

ಇನ್ನು ಮದ್ದಿನ ವಿಷಯ. ಹೆಂಚಿನ ಮಾಡಿನ ಮೇಲ್ಭಾಗದಲ್ಲಿ ಹಳೇ ಜಿಂಕ್ ಶೀಟಿನ ತುಂಡು ಇದ್ದರೆ ಗಮನಿಸಿ, ಅದರ ಕೆಳಗೆ ಪಟ್ಟೆ ಎಳೆದ ಹಾಗೆ ಹೆಂಚು ಸ್ವಚ್ಛವಾಗಿರುವುದುಂಟು. ಮಳೆನೀರು ಶೀಟಿನಿಂದ ಚೂರು ಚೂರೇ ಸತುವನ್ನು ಕರಗಿಸಿ ಇಳಿಸುತ್ತದೆ. ಪಾಚಿಯ ಎಲೆ ಬಹುತೇಕ ಒಂದೇ ಜೀವಕೋಶದಷ್ಟು ತೆಳು. ದೊಡ್ಡ ಗಿಡಗಳ ಎಲೆಗಿರುವಂಥ ದಪ್ಪ ಮೇಣದ ಹೊದಿಕೆಯೂ ಇಲ್ಲ. ಹಾಗಾಗಿ ನೀರಿನ ಜೊತೆ ಲೋಹವೂ ಸೀದಾ ಒಳಗೆ ಹೋಗಿ ಪಾಚಿಯನ್ನು ಕೊಲ್ಲುತ್ತದೆ. ಕೆಲವು ದೇಶಗಳಲ್ಲಿ ಮಾಡಿನ ತುದಿಗೆ ಸತುವಿನ ಅಥವಾ ತಾಮ್ರದ ಪಟ್ಟಿ ಹೊಡೆಯುವುದು ಇದೇ ಲೆಕ್ಕದಲ್ಲಿ.

ತಾಮ್ರದ ಈ ಗುಣ ಅಡಿಕೆ ಬೆಳೆಗಾರರಿಗೆ ಹೊಸದೇನಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದಲ್ಲಿರುವುದೂ ತಾಮ್ರವೇ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ. ಮೈಸೂರು ಸಂಸ್ಥಾನದಲ್ಲಿದ್ದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅದನ್ನು ಇಲ್ಲಿನ ತೋಟಗಳಿಗೆ ಪರಿಚಯಿಸಿ ನೂರು ವರ್ಷ ದಾಟಿತು. ಹಾಗಂತ ಉಳಿದ ಬೋರ್ಡೋವನ್ನು ಮಾಡಿಗೆ ಸುರಿಯಬೇಡಿ. ಮಾಡಿನ ನೀರು ಬಾವಿಗೋ ಕೆರೆಗೋ ಸೇರುತ್ತದೆ, ಮೀನಿಗೆ ತಾಮ್ರ ವಿಷ. ಮಾಡಿನ ನೀರು ಹರಿದು ಹೋಗಲು ಅಂಚಿಗೆ ಜಿಂಕ್ ಲೇಪದ ದೋಣಿ ಕಟ್ಟಿದ್ದರೆ ತಾಮ್ರದ ನೀರು ಅದನ್ನೂ ತಿನ್ನುತ್ತದೆ.

ಪ್ರೆಶರ್ ವಾಷರ್ ತಂದು ತೊಳೆಸುವುದು ಈಗಿನ ಫ್ಯಾಷನ್. ನನಗಂತೂ ಅದು ಸರಿ ಕಾಣುವುದಿಲ್ಲ. ಆ ರಭಸಕ್ಕೆ ಹಳೇ ಹೆಂಚಿನ ಮೇಲ್ಮೈ ಸವೆದು ಒರಟಾಗುತ್ತದೆ, ಪಾಚಿಗೆ ಹಿಡಿತ ಇನ್ನೂ ಸುಲಭವಾಗುತ್ತದೆ. ಬೇಸಿಗೆಯಲ್ಲಿ ಹೇಗೂ ಹೆಂಚು ತೆಗೆದು ಸರಿಮಾಡಿ ಕೈಯಾಡಿಸುತ್ತೀರಲ್ವಾ, ಆಗಲೇ ಒಣಗಿದ ಪಾಚಿಯನ್ನು ಗಟ್ಟಿ ಬ್ರಷ್ಷಿನಿಂದ ಮೇಲಿನಿಂದ ಕೆಳಕ್ಕೆ ಉಜ್ಜಿಸಿ. ಒಣಗಿದ್ದಾಗ ಪುಡಿಪುಡಿಯಾಗಿ ಉದುರುತ್ತದೆ. ಜುಲೈಯಲ್ಲಿ ಮಾತ್ರ ಮಾಡು ಹತ್ತಬೇಡಿ, ಕಾಲು ಜಾರುತ್ತದೆ. ಹಲಸಿನ ಕೊಂಬೆ ಕಡಿಸುವುದನ್ನು ಹಣ್ಣು ಮುಗಿದ ಮೇಲೆ ಇಟ್ಟುಕೊಂಡರೂ ನಡೆಯುತ್ತದೆ.